ನಾಲ್ಕು ಬಾಣದ ಹಾಡು

ಹೋದ ವಾರ ಒಂದು ಮಧ್ಯಾಹ್ನ ಮನೆಗೆ ಬಂದು ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದೆ. ಒಂದು ಕಾಲಿನದು ಬಿಟ್ಟಾಗಿತ್ತು. ಇನ್ನೊಂದನ್ನು ಬಿಡುವಷ್ಟರಲ್ಲಿ ಒಳಗಿನಿಂದ ಒಂದು ಹಾಡು ಕೇಳಿಸಿತು. ನಾನು ಹಾಗೆಯೇ ಒಂಟಿ ಚಪ್ಪಲಿಯಲ್ಲಿ ಚೌಕಟ್ಟು ಹಿಡಿದು ನಿಂತುಬಿಟ್ಟೆ. ನೋಡಿದವರು ಈತನ ಮನೆಯಲ್ಲಿ ಹಾವು ಹೊಕ್ಕಿದೆ ಅನ್ನಬೇಕು, ಹಾಗೆ ನಿಂತಿದ್ದೆ.

ಹಾವೇನೂ ಇರಲಿಲ್ಲ. ತಂಗಿ ಸುರೇಖಾ, ಮನೆಯಲ್ಲಿ ಸುರಿ, ಹೊಲಿಗೆ ಯಂತ್ರದ ಮುಂದೆ ಕೂತು ಮೊಬೈಲಿನಲ್ಲಿ ಹಾಡು ಹಚ್ಚಿದ್ದಳು. ಹೆದರುವಂಥ ಹಾಡೂ ಅಲ್ಲ. ಮೊದಲು ಗಾಜಿನ ಬಳೆ ಒಂದಕ್ಕೊಂದು ತಾಗಿದಂಥ ಸದ್ದು, ಆಮೇಲೆ ಒಂದು ದಪ್ಪ ಬಡಿತ, ಆಮೇಲೆ ಯಾವುದೋ ದೇಶದ ಹುಡುಗಿಯ ತೆಳ್ಳನೆಯ ದನಿ. ನಿಮ್ಮ ಮನೆಯ ಮಕ್ಕಳು ಕೇಳಿದರೆ ಕುಣಿಯುತ್ತಾರೆ. ಕುಣಿಯಲಿಕ್ಕೆಂದೇ ಮಾಡಿದ್ದು. ಸಿನಿಮಾದ್ದಲ್ಲ, ಮದುವೆಯದ್ದಲ್ಲ, ದೇವರದ್ದಂತೂ ಅಲ್ಲವೇ ಅಲ್ಲ. ಒಂದು ಆಟದ ಯಂತ್ರದ ಹಾಡು. ಅದಕ್ಕೊಂದು ಹೆಸರಿತ್ತು, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಏಳನೇ ಇಯತ್ತೆಯನ್ನು ಎರಡು ಸಲ ಓದಿದವನಿಗೆ ಆ ಹೆಸರು ಓದಲು ಆಗಲಿಲ್ಲ. ನಮ್ಮ ಸುರಿ ಅದಕ್ಕೆ ಬಾಣದ ಹಾಡು ಎಂದು ಹೆಸರಿಟ್ಟಿದ್ದಳು. ನಮ್ಮಿಬ್ಬರಿಗೂ ಆ ಹೆಸರೇ ಉಳಿಯಿತು.

ಹತ್ತು ವರ್ಷವಾದರೂ ಆ ಹಾಡಿನ ಸಂದುಗೊಂದು ನನಗೆ ಬಾಯಿಪಾಠ. ಅರ್ಧಕ್ಕೆ ಬಂದಾಗ ಅದು ತಟಕ್ಕನೆ ನಿಲ್ಲುತ್ತದೆ. ಬಡಿತವಿಲ್ಲ, ದನಿಯಿಲ್ಲ. ಎರಡು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಧಡಕ್ಕನೆ ಶುರುವಾಗುತ್ತದೆ. ಆ ಎರಡೆಣಿಕೆಯ ಜಾಗ ಬರುತ್ತದೆ ಎಂದು ಗೊತ್ತಿದ್ದೇ ಚೌಕಟ್ಟು ಹಿಡಿದಿದ್ದೆ.

ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೇಸರವಿಲ್ಲದಿದ್ದರೆ ಬರ್ರಿ, ಟೆಂಪೊದಲ್ಲಿ ಮುಂದಿನ ಸೀಟೇ ಕೊಡುತ್ತೇನೆ.

ನಮ್ಮದು ಕಾಗವಾಡದ ಹತ್ತಿರದ ಊರು. ಮಾಘದಿಂದ ಚೈತ್ರದವರೆಗೆ ಊರೆಲ್ಲ ದ್ರಾಕ್ಷಿಯದೇ ಮಾತು. ಒಣದ್ರಾಕ್ಷಿಗೆ ನಮ್ಮಲ್ಲಿ ಬೇದಾಣಿ ಅನ್ನುತ್ತಾರೆ. ಹಸಿ ಗೊಂಚಲನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಹಸಿರು ಪರದೆ ಕಟ್ಟಿದ ಉದ್ದನೆಯ ಶೆಡ್ಡಿನಲ್ಲಿ ಜಾಳಿಗೆಗಳ ಮೇಲೆ ಹರವುತ್ತಾರೆ. ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಾರೆ. ಆ ಹೊಗೆ ಒಮ್ಮೆ ಅಂಗಿಗೆ ಹತ್ತಿದರೆ ಮೂರು ಸಲ ಒಗೆದರೂ ಹೋಗುವುದಿಲ್ಲ. ನನ್ನ ಮೈಯಿಂದ ಆ ವಾಸನೆ ಹೋದ ದಿನ ನನ್ನನ್ನು ಯಾರೂ ಗುರುತು ಹಿಡಿಯಲಿಕ್ಕಿಲ್ಲ. ಹತ್ತೊಂಬತ್ತನೇ ವಯಸ್ಸಿಗೇ ಮಾಲೀಕರ ಟೆಂಪೊ ಓಡಿಸುತ್ತಿದ್ದೆ. ಅಪ್ಪ ನಾನು ಶಾಲೆ ಬಿಟ್ಟ ವರ್ಷ ತೀರಿಕೊಂಡಿದ್ದ. ಅವ್ವ ಶೆಡ್ಡಿನಲ್ಲಿ ಬೇದಾಣಿ ಆರಿಸುತ್ತಿದ್ದಳು. ಮನೆಯ ಗಂಡಸು ನಾನೇ. ನಾನು ಹೇಳಿದ್ದೇ ಮಾತು. ಆ ವಯಸ್ಸಿನಲ್ಲಿ ಅದು ಬಹಳ ರುಚಿಯಾಗಿತ್ತು.

ಸುರಿಗೆ ಆಗ ಹನ್ನೊಂದು. ಒಂದು ದಿನ ಶಾಲೆಯ ಬಾಯಿಯವರು, ಅಂದರೆ ಟೀಚರು, ಚೀಟಿ ಕೊಟ್ಟು ಕಳಿಸಿದರು. ಹುಡುಗಿ ಕರೆದರೆ ಒಮ್ಮೊಮ್ಮೆ ಓಗೊಡುವುದಿಲ್ಲ, ಕಿವಿ ತೋರಿಸಿರಿ ಎಂದು ಬರೆದಿತ್ತು. ಅವ್ವನಿಗೂ ಅನುಮಾನವಿತ್ತು. ರೊಟ್ಟಿ ತಟ್ಟುತ್ತ ಅಂದಳು:

“ಒಲಿ ಮುಂದ ಕುಂತಾಗ ನಾಕ ಸಲ ಒದರಿದ್ರೂ ಹೊಳ್ಳಿ ನೋಡೂದಿಲ್ಲ. ಮುಂದ ಲಗ್ನದಾಗ ಕಿವುಡಿ ಅಂದ್ರ ಏನ ಗತಿ? ಮಿರಜಕ್ಕ ಕರಕೊಂಡ ಹೋಗಿ ತೋರಿಸ್ಕೊಂಡ ಬಾ.”

ಮಹಾರಾಷ್ಟ್ರದ ಗಡಿಯ ಈಚೆಗಿರುವ ನಮಗೆ ಮೈಯಲ್ಲಿ ಏನೇ ಆದರೂ ಮಿರಜವೇ. ನೆಗಡಿಗೆ ಕಾಗವಾಡ, ಹೆದರಿಕೆಗೆ ಮಿರಜ ಎಂದು ನಮ್ಮ ಹಿರಿಯರು ನಗುತ್ತಿದ್ದರು. ದ್ರಾಕ್ಷಿಯ ಟ್ರೇ ಇಳಿಸಿ, ಸುರಿಯನ್ನು ಅಲ್ಲಿಯ ದವಾಖಾನೆಗೆ ಕರೆದೊಯ್ದೆ. ಕಿಟಕಿಯಲ್ಲಿದ್ದವರು ಒಂದು ಚೀಟಿ ಹರಿದುಕೊಟ್ಟರು. ಐವತ್ತಮೂರನೇ ನಂಬರು. ಒಳಗೆ ಆಗ ಹದಿನಾಲ್ಕನೆಯವರು ಹೋಗಿದ್ದರು. ಫಿನಾಯಿಲ್ ವಾಸನೆ, ಅಳುವ ಕೂಸುಗಳು, ಬೆಂಚಿನ ಮೇಲೆ ಜಾಗವಿಲ್ಲ. ಅರ್ಧ ತಾಸು ನಿಂತೆವು. ಹದಿನೆಂಟು ಆಯಿತು.

“ಅಣ್ಣಾ, ಕಾಲ ನೋಯಾಕತ್ತಾವ,” ಅಂದಳು.

“ಬಾ, ಒಂದ ಸುತ್ತ ಹೊಡದ ಬರೂಣು,” ಅಂದೆ.

ಹೇಳಿದವನು ನಾನು. ಅವಳ ಕಾಲು ನೋಯುತ್ತಿದ್ದದ್ದು ನಿಜ. ಆದರೆ ಸಾಂಗಲಿಯ ರಸ್ತೆಯಲ್ಲಿ ಹೊಸದಾಗಿ ಎದ್ದಿದ್ದ ದೊಡ್ಡ ಅಂಗಡಿಕಟ್ಟಡದ ಮೂರನೇ ಮಹಡಿಯಲ್ಲಿ ಆಟದ ಯಂತ್ರಗಳಿವೆ ಎಂದು ಬೇರೆ ಡ್ರೈವರುಗಳು ಹೇಳಿದ್ದರು, ಅದನ್ನು ನೋಡುವ ಆಸೆ ನನ್ನದು. ತಂಗಿಯ ಕಾಲನ್ನು ನೆಪ ಮಾಡಿಕೊಂಡೆ.

ಆ ಮಹಡಿ ಹಗಲಲ್ಲೂ ಕತ್ತಲು. ಎಲ್ಲ ಬೆಳಕೂ ಯಂತ್ರಗಳದೇ. ಮೂಲೆಯಲ್ಲಿ ಒಂದು ಕಬ್ಬಿಣದ ಕಟ್ಟೆ, ಅದರ ಮೇಲೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ನಾಲ್ಕು ಗಾಜಿನ ಚೌಕ. ಪ್ರತಿ ಚೌಕದಲ್ಲೂ ಒಂದು ಬಾಣ. ಎದುರಿನ ಪರದೆಯಲ್ಲಿ ಬಾಣಗಳು ಕೆಳಗಿನಿಂದ ಮೇಲೇರಿ ಬರುತ್ತವೆ. ಹಾಡಿನ ಬಡಿತಕ್ಕೆ ಸರಿಯಾಗಿ ಆಯಾ ದಿಕ್ಕಿನ ಬಾಣ ತುಳಿಯಬೇಕು. ತುಳಿದರೆ ಚೌಕದಲ್ಲಿ ಬೆಳಕು ಫಳಫಳ ಮಿಂಚುತ್ತದೆ. ಮೊದಲು ನಾನು ಹತ್ತಿದೆ. ಕ್ಲಚ್ಚು, ಬ್ರೇಕು ಬಿಟ್ಟರೆ ಬೇರೆ ಏನನ್ನೂ ತುಳಿಯದ ಕಾಲು ನನ್ನವು. ಎಡಬಾಣ ಬಂದರೆ ಬಲ ತುಳಿದೆ, ಎರಡೂ ಬಂದಾಗ ಬಿದ್ದೆ. ಹಿಂದೆ ನಿಂತಿದ್ದ ಕಾಲೇಜು ಹುಡುಗಿಯರು, “ಕಾಕಾ, ಬೈಲ್ ಪಣ ಯಾಪೇಕ್ಷಾ ಚಾಂಗಲಾ ನಾಚತೋ,” ಎಂದು ನಕ್ಕರು. ಎತ್ತು ಕೂಡ ಇವನಿಗಿಂತ ಚೆನ್ನಾಗಿ ಕುಣಿಯುತ್ತದೆಯಂತೆ. ಹತ್ತೊಂಬತ್ತಕ್ಕೇ ನನ್ನನ್ನು ಕಾಕಾ ಮಾಡಿದ್ದಕ್ಕೆ ಎತ್ತಿನ ಮಾತಿಗಿಂತ ಹೆಚ್ಚು ನೋವಾಯಿತು.

ಆಮೇಲೆ ಸುರಿ ಹತ್ತಿದಳು. ಚಪ್ಪಲಿ ಬಿಟ್ಟು, ಲಂಗ ಎತ್ತಿ ಕಟ್ಟಿ, ಬರಿಗಾಲಲ್ಲಿ. ಮೊದಲ ಸಲ ತಪ್ಪಿದಳು. ಎರಡನೇ ಸಲ ಒಂದೂ ತಪ್ಪಲಿಲ್ಲ. ನಡುವೆ ಹಾಡು ನಿಂತಾಗ ಒಂದು ಕಾಲು ಗಾಳಿಯಲ್ಲಿ ಎತ್ತಿ ಕೊಕ್ಕರೆಯ ಹಾಗೆ ನಿಂತು, ಮತ್ತೆ ಬಡಿತ ಬಿದ್ದ ಕೂಡಲೇ ಅದೇ ಕಾಲನ್ನು ಸರಿಯಾದ ಬಾಣದ ಮೇಲೆ ಇಟ್ಟಳು. ನಕ್ಕ ಹುಡುಗಿಯರೇ ಚಪ್ಪಾಳೆ ತಟ್ಟಿದರು. ನನ್ನ ತಲೆಯಲ್ಲಿ ಆಗ ಒಂದು ವಿಚಾರ ಬಂತು. ಜೀವನದಲ್ಲಿ ನಾನು ಮಾಡಿದ ಅತಿ ದೊಡ್ಡ ವಿಚಾರ ಅದು, ಅತಿ ದೊಡ್ಡ ದಡ್ಡತನವೂ ಅದೇ. ಇಷ್ಟು ಸಣ್ಣ ಬಡಿತವನ್ನೂ ಬಿಡದೆ ಹಿಡಿಯುವ ಹುಡುಗಿಗೆ ಕಿವಿ ಹೇಗೆ ಕೆಟ್ಟಿರಲು ಸಾಧ್ಯ? ಡಾಕ್ಟರು ಇದಕ್ಕಿಂತ ಹೆಚ್ಚಿನದೇನು ನೋಡುತ್ತಾರೆ?

ಮೂರನೇ ಸಲ ಆಡುವಾಗ ಹಾಡು ನಡುವೆ ನಿಂತಿತು. ಸುರಿಯೂ ನಿಂತಳು. ಹಾಡು ಮತ್ತೆ ಶುರುವಾಯಿತು. ಸುರಿ ಶುರುವಾಗಲಿಲ್ಲ.

ಬಾಣಗಳು ಒಂದರ ಹಿಂದೊಂದು ಪರದೆಯ ಮೇಲೇರಿ ಹೋಗುತ್ತಿದ್ದವು. ಅವಳ ಕಣ್ಣು ತೆರೆದೇ ಇದ್ದವು. ಬಾಯಿ ಮಾತ್ರ ಏನನ್ನೋ ಅಗಿಯುವಂತೆ ಸಣ್ಣಗೆ ಆಡುತ್ತಿತ್ತು. ಐದು ಎಣಿಸುವಷ್ಟು ಹೊತ್ತು. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ತುಳಿಯತೊಡಗಿದಳು.

“ಏನ ಬೇ, ನಿಂತಲ್ಲೇ ನಿದ್ದಿ ಹತ್ತಿತ್ತೇನ?” ಎಂದು ನಕ್ಕೆ.

ಅವಳು ತಿರುಗಿ ನೋಡಿ ಕೇಳಿದಳು: “ಯಾವಾಗ?”

ಆ ‘ಯಾವಾಗ’ ಎಂಬುದು ನನ್ನ ಬೆನ್ನಮೇಲೆ ತಣ್ಣೀರು ಹೊಯ್ದಂತೆ ಇಳಿಯಿತು. ಇಳಿದದ್ದು ನಿಜ, ಅದನ್ನು ಮುಚ್ಚುವುದಿಲ್ಲ. ನನಗೆ ಏನೂ ಹೊಳೆಯಲಿಲ್ಲ ಎಂದು ಇಷ್ಟು ವರ್ಷ ನನಗೇ ಹೇಳಿಕೊಂಡೆ. ಹೊಳೆದಿತ್ತು. ಹೊಳೆದದ್ದನ್ನು ಬೆವರಿನ ಹಾಗೆ ಒರೆಸಿಬಿಟ್ಟೆ.

ಉಳಿದ ಮಹಡಿಗಳನ್ನೂ ಸುತ್ತಿ ಸಂಜೆ ದವಾಖಾನೆಗೆ ಮರಳಿದಾಗ ಕಿಟಕಿ ಮುಚ್ಚಿತ್ತು. ಐವತ್ತಮೂರು ಯಾವಾಗಲೋ ಕೂಗಿ ಮುಗಿದಿತ್ತು. ನಾಳೆ ಮತ್ತೆ ಬಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಳೆ ಬರಬೇಕೆಂದರೆ ಇವತ್ತು ಏನು ಮಾಡಿದೆ ಎಂದು ಅವ್ವನಿಗೆ ಹೇಳಬೇಕು. ಮನೆಯ ಗಂಡಸು ಆಟದ ಕಟ್ಟೆಯ ಮೇಲೆ ಎತ್ತಿನ ಹಾಗೆ ಕುಣಿದು ಪಾಳಿ ತಪ್ಪಿಸಿದ ಎಂದು ಹೇಳಬೇಕು. ಊರ ಹತ್ತಿರ ಬಂದಾಗ ಟೆಂಪೊ ನಿಲ್ಲಿಸಿದೆ.

“ಸುರಿ, ಅವ್ವಗ ಹೇಳಬ್ಯಾಡ. ಡಾಕ್ಟರಿಗೆ ತೋರಿಸೇವಿ, ಕಿವಿ ಫಸ್ಟ್ ಕ್ಲಾಸ್ ಅದಾವ. ಇಷ್ಟ.”

“ಹೂಂ.”

“ಹೂಂ ಅಲ್ಲ. ಅವ್ವನ ಆಣಿ ಮಾಡು.”

ಅವಳು ಗಂಟಲ ಚರ್ಮ ಎರಡು ಬೆರಳಲ್ಲಿ ಹಿಡಿದಳು. ನಮ್ಮ ಕಡೆ ಮಕ್ಕಳು ಆಣಿ ಮಾಡುವುದೇ ಹಾಗೆ. “ಹೇಳಿದ್ರ ಏನಾಕ್ಕೈತಿ?” ಅಂದಳು.

“ಹೇಳಿದ್ರ ಅವ್ವ ಸಾಯ್ತಾಳ.”

ಅಪ್ಪನ ಹೆಣವನ್ನು ನೋಡಿದ ಹುಡುಗಿ ಅದು. ಸಾಯುವುದೆಂದರೆ ಏನೆಂದು ಗೊತ್ತಿತ್ತು. ನಾನು ಬಾಯಿಗೆ ಬಂದಂತೆ ಹೇಳಿದೆ, ಅವಳು ಗಂಟಲು ಹಿಡಿದು ನಂಬಿದಳು.

ಈ ಆಣಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಓಣಿಯಲ್ಲಿ ಯಾರು ಆಣಿ ಹಾಕಿದರೋ ಅವರೇ ತೆಗೆಯಬೇಕು. ತಲೆಯ ಮೇಲೆ ಕೈಯಿಟ್ಟು ಮೂರು ಸಲ “ಆಣಿ ತಗದೆ” ಅನ್ನಬೇಕು. ಇಲ್ಲದಿದ್ದರೆ ಮಾಡಿದವರು ಮುದುಕರಾದರೂ ಅದು ಹಾಗೆಯೇ ಇರುತ್ತದೆ. ಪೇರಲೆ ಕದ್ದದ್ದಕ್ಕೆ, ಗೋಲಿ ಮುಚ್ಚಿಟ್ಟದ್ದಕ್ಕೆ ಎಷ್ಟೋ ಆಣಿ ಹಾಕಿದ್ದೆವು. ಸಂಜೆಗೆ ತೆಗೆಯುತ್ತಿದ್ದೆವು. ಇದೊಂದನ್ನು ತೆಗೆಯಲಿಲ್ಲ.

ಹದಿನೈದು ದಿನದ ಮೇಲೆ ಮೊದಲ ಬೇದಾಣಿ ಇಳಿಯಿತು. ಒಣಗಿದ ಗೊಂಚಲನ್ನು ತಾಡಪತ್ರಿಯ ಮೇಲೆ ಹರವಿ, ಹೆಂಗಸರು ಕಾಲು ತೊಳೆದುಕೊಂಡು ಹಗುರವಾಗಿ ತುಳಿದು ತೊಟ್ಟು ಬಿಡಿಸುತ್ತಾರೆ. ಜೋರಾಗಿ ತುಳಿದರೆ ಹಣ್ಣು ಜಜ್ಜುತ್ತದೆ, ಹಗುರವಾದರೆ ತೊಟ್ಟು ಬಿಡುವುದಿಲ್ಲ. ಭಾನುವಾರ ಸುರಿಯೂ ಹೋಗಿದ್ದಳು. ಕಾಲಿನ ಕೆಳಗೆ ತಾಡಪತ್ರಿ ಸಿಕ್ಕರೆ ಸಾಕು, ಅವಳಿಗೆ ಬಾಣದ ಹಾಡು ನೆನಪಾಗುತ್ತಿತ್ತು. ಗುನುಗುತ್ತ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ತುಳಿಯತೊಡಗಿದಳು. ನಾನು ಟೆಂಪೊ ತುಂಬುತ್ತ ನೋಡುತ್ತಿದ್ದೆ. ಹೆಂಗಸರು ನಗುತ್ತಿದ್ದರು. ಹಾಡಿನ ನಡುವಿನ ಜಾಗ ಬಂತು. ಅವಳ ಕಾಲು ಗಾಳಿಯಲ್ಲಿ ನಿಂತಿತು. ಅಲ್ಲೇ ಉಳಿಯಿತು. ಆಮೇಲೆ ಇಡೀ ಮೈ ಸೆಟೆದು, ಬೇದಾಣಿಯ ಮೇಲೆ ಬಿದ್ದು ಅದುರತೊಡಗಿತು.

ಶೆಡ್ಡಿನ ಹೆಂಗಸರಿಗೆಲ್ಲ ಹಿರಿಯಳು ಗಂಗವ್ವ. ಕೊಕಟನೂರ ಯಲ್ಲಮ್ಮನಿಗೆ ನಡೆದುಕೊಳ್ಳುವವಳು. ಕೆಟ್ಟವಳಲ್ಲ, ಅಪ್ಪ ಸತ್ತಾಗ ಹನ್ನೊಂದು ದಿನ ನಮಗೆ ರೊಟ್ಟಿ ಕೊಟ್ಟವಳು. ಅವಳೇ ಮೊದಲು ಕೈ ಮುಗಿದಳು.

“ಉಧೋ ಉಧೋ! ನಾಕೂ ದಿಕ್ಕ ತುಳದ ನಿಂತಾಳ ನೋಡ್ರೇ ತಾಯಿ! ನಾಕೂ ದಿಕ್ಕ!”

ಅವ್ವ ಮಗಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತ, “ಏನರ ಜಡ್ಡ ಇದ್ದೀತ ಬೇ ಎಕ್ಕಾ, ದವಾಖಾನಿಗೆ...” ಅಂದಳು.

“ಡಾಕ್ಟರ ನೋಡಿ ಏನಿಲ್ಲ ಅಂದಾನಂತ ನೀನ ಹೇಳಿದ್ಯಲ್ಲ. ಡಾಕ್ಟರಿಗೆ ಕಾಣದ್ದ ಅಂದ್ರ ಮತ್ತ್ಯಾರದ?”

ನೋಡಿರಿ, ಎಷ್ಟು ಸರಳ ಲೆಕ್ಕ. ಅದರ ಅಡಿಪಾಯಕ್ಕೆ ಕಲ್ಲಿಟ್ಟವನು ನಾನು. ದೇವಿಯನ್ನು ನಮ್ಮ ಮನೆಗೆ ತಂದದ್ದು ಗಂಗವ್ವನ ಭಕ್ತಿಯಲ್ಲ, ನನ್ನ ‘ಫಸ್ಟ್ ಕ್ಲಾಸ್’. ಸುರಿ ಕಣ್ಣು ಬಿಟ್ಟಾಗ ಮೊದಲು ನೋಡಿದ್ದು ನನ್ನನ್ನು. ಅವಳ ಕೈ ಗಂಟಲಿನ ಮೇಲೆ ಹೋಯಿತು.

ಆಮೇಲೆ ಪ್ರತಿ ಮಂಗಳವಾರ ನಮ್ಮ ಪಡಸಾಲೆ ತುಂಬತೊಡಗಿತು. ಸುರಿಗೆ ಎಣ್ಣೆ ಸ್ನಾನ, ಹಣೆತುಂಬ ಭಂಡಾರ, ಮಣೆಯ ಮೇಲೆ ಕೂರಿಸಿ ಮುಂದೆ ಸಮೆಯ ದೀಪ ಹಚ್ಚುವುದು. ಹೆಂಗಸರು ಪ್ರಶ್ನೆ ಕೇಳುವರು. ನನ್ನ ಎಮ್ಮೆ ಹೆಣ್ಣು ಕರು ಹಾಕುತ್ತದೋ, ಗಂಡೋ? ಸೊಸೆ ತವರಿನಿಂದ ಯಾವಾಗ ಬರುತ್ತಾಳೆ? ಸುರಿಗೆ ಏನು ಹೇಳಬೇಕೆಂದು ಗೊತ್ತಾಗುತ್ತಿರಲಿಲ್ಲ. ಹೆದರಿಕೆಯಾದಾಗ ಬಾಣದ ಹಾಡು ಗುನುಗುತ್ತಿದ್ದಳು. ಯಾವ ದೇಶದ್ದೋ ಏನೋ ಆ ಮಾತು, ಅವಳಿಗೂ ಅರ್ಥವಿಲ್ಲ. ಹೆಂಗಸರು ಮಾತ್ರ ಅದನ್ನು ಕೇಳಿ ತೃಪ್ತರಾಗಿ ಹೋಗುವರು. ಎಮ್ಮೆ ಹೆಣ್ಣು ಕರು ಹಾಕಿತು. ಅದಾದ ಮೇಲೆ ಕಾಗವಾಡದಿಂದಲೂ ಜನ ಬಂದರು.

ನಗು ಬರುತ್ತದೆ ಅಲ್ಲವೇ? ನನಗೂ ಬರುತ್ತಿತ್ತು, ಗಂಟಲವರೆಗೆ. ಯಾಕೆಂದರೆ ಒಂದು ಹೊಸ ಹೆದರಿಕೆ ಶುರುವಾಗಿತ್ತು. ನಾನು ಸುಳ್ಳು ಹೇಳಿದೆ ಅಂದುಕೊಂಡಿದ್ದೇನೆ, ಆದರೆ ತಾಯಿ ನಿಜವಾಗಿಯೇ ಬಂದಿದ್ದರೆ? ಮಣೆಯ ಮೇಲೆ ಕೂತವಳು ಎಲ್ಲರ ನಡುವೆ ನನ್ನತ್ತ ಬೆರಳು ಮಾಡಿದರೆ? ಮಂಗಳವಾರ ಬಂತೆಂದರೆ ದೂರದ ಬಾಡಿಗೆ ಹುಡುಕಿಕೊಂಡು ಕುಡಚಿಗೋ ನಿಪ್ಪಾಣಿಗೋ ಓಡಿಹೋಗುತ್ತಿದ್ದೆ.

ಹಾಗೆ ಓಡಿಹೋಗಿದ್ದ ಒಂದು ಮಂಗಳವಾರ ಸುರಿ ಮಣೆಯ ಮೇಲೆ ಕೂತಲ್ಲೇ ಸೆಟೆದು ಮುಂದಕ್ಕೆ ಬಿದ್ದಳು. ಬಲಗೈ ಸಮೆಯ ಮೇಲೆ ಬಿತ್ತು. ತಾಯಿ ದೀಪ ಮುಟ್ಟುತ್ತಿದ್ದಾಳೆ ಎಂದುಕೊಂಡು ಒಂದು ಕ್ಷಣ ಯಾರೂ ಅವಳ ಕೈ ಎತ್ತಲಿಲ್ಲ. ಆ ಒಂದು ಕ್ಷಣ ಸಾಕಾಯಿತು. ನಾನು ಬಂದಾಗ ಅವಳ ಕೈಗೆ ಬಾಳೆಲೆ ಸುತ್ತಿತ್ತು. ಗಾಯ ಮಾಯಿತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಅಂಗೈಗೆ ಬಾಗಿ ಹಾಗೆಯೇ ಉಳಿದವು. ಇವತ್ತಿಗೂ ಅವಳು ಮೂರು ಬೆರಳಲ್ಲಿ ಹೊಲಿಯುತ್ತಾಳೆ. ಕಾಗವಾಡದಲ್ಲಿ ಅವಳಷ್ಟು ನೀಟಾಗಿ ಕುಪ್ಪಸದ ಕೊರಳು ತಿರುಗಿಸುವವರು ಇಲ್ಲ. ಅದನ್ನು ಯಾರಾದರೂ ಹೊಗಳಿದಾಗ ನಾನು ಎದ್ದು ಹೊರಗೆ ಹೋಗುತ್ತೇನೆ.

ಕೈ ಸುಟ್ಟ ಮೇಲೂ ಬಾಯಿ ಬಿಟ್ಟೆನೆ? ಇಲ್ಲ. ಸುಳ್ಳು ಮೊದಲ ದಿನ ಸಣ್ಣದಿರುತ್ತದೆ, ಮಗುಚಬಹುದು. ಬೆರಳು ಬಾಗಿದ ಮೇಲೆ ಅದನ್ನು ಮಗುಚುವುದೆಂದರೆ ಆ ಬೆರಳನ್ನೂ ನನ್ನ ಹೆಸರಿಗೆ ಬರೆದುಕೊಳ್ಳಬೇಕು.

ಮಳೆಗಾಲದ ಹೊತ್ತಿಗೆ ಗಂಗವ್ವ ಇನ್ನೊಂದು ಮಾತು ಎತ್ತಿದಳು. ಹುಡುಗಿಯನ್ನು ತಾಯಿಗೆ ಬಿಟ್ಟುಬಿಡಿ, ಮುತ್ತು ಕಟ್ಟಿಸಿರಿ, ಆಗ ಕಾಟ ನಿಲ್ಲುತ್ತದೆ. ಮುತ್ತು ಕಟ್ಟುವುದೆಂದರೆ ಏನೆಂದು ನಿಮಗೆ ಗೊತ್ತಿರಬೇಕು. ದೇವದಾಸಿ ಬಿಡುವುದು. ಅದಕ್ಕೆ ಕಾನೂನಿನ ತಡೆಯಿದೆ, ಆದರೂ ಮಾತು ಸತ್ತಿಲ್ಲ. ಹುಡುಗಿಗೆ ಶಾಲೆಯಿಲ್ಲ, ಲಗ್ನವಿಲ್ಲ, ತನ್ನದೆಂಬ ಬದುಕಿಲ್ಲ. ಅವ್ವ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ, “ಗುಡಿಗೆ ಹೋಗಿ ಪೂಜಾರಿಯವರನ್ನ ಕೇಳೂಣು. ಅವರ ಏನಂತಾರ ಹಂಗ,” ಅಂದಳು.

ಟೆಂಪೊದಲ್ಲಿ ಮೂವರೇ ಕೊಕಟನೂರಿಗೆ ಹೋದೆವು. ಪೂಜಾರಿಯವರು ವಯಸ್ಸಾದವರು. ಅವ್ವ ಎಲ್ಲ ಹೇಳಿದಳು. ಅವರು ಸುರಿಯ ಬಾಗಿದ ಬೆರಳನ್ನು ಹಿಡಿದು ನೋಡಿ, ಸಿಟ್ಟಿನಿಂದಲೇ ಅಂದರು:

“ಅಂಥಾದ್ದೇನೂ ಇಲ್ಲಿ ನಡಿಯೂದಿಲ್ಲಬೇ ತಂಗೀ. ತಾಯಿ ಮಕ್ಕಳ ಕೈ ಸುಡತಾಳೇನ? ಮದಲ ಡಾಕ್ಟರಿಗೆ ತೋರಿಸಿರೇನ?”

“ತೋರಿಸೇವ್ರಿ,” ಅಂದಳು ಅವ್ವ. “ನಮ್ಮ ಹುಡುಗ ಮಿರಜಕ್ಕ ಕರಕೊಂಡ ಹೋಗಿದ್ದ. ಏನೂ ಇಲ್ಲ ಅಂದಾರ.”

ಪೂಜಾರಿಯವರು ನನ್ನತ್ತ ತಿರುಗಿದರು. “ಖರೇ ಏನೋ?”

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಒಳಗೆ ಗಂಟೆಯೂ ಬಾರಿಸುತ್ತಿರಲಿಲ್ಲ. ಅವ್ವ ನೋಡುತ್ತಿದ್ದಳು. ಸುರಿ ನೋಡುತ್ತಿದ್ದಳು, ಎಡಗೈಯ ಎರಡು ಬೆರಳು ಗಂಟಲಿಗೆ ಹೋಗಿದ್ದವು. ಅವಳು ಹೇಳುವಂತಿರಲಿಲ್ಲ, ಹೇಳಿದರೆ ಅವ್ವ ಸಾಯುತ್ತಾಳೆ. ಹೇಳಬಹುದಾದವನು ಜಗತ್ತಿನಲ್ಲಿ ನಾನೊಬ್ಬನೇ.

“ಹೌದ್ರಿ,” ಅಂದೆ.

ಇದೇ ನನ್ನ ತಪ್ಪು. ಆಟಕ್ಕೆ ಹೋದದ್ದಲ್ಲ, ಪಾಳಿ ತಪ್ಪಿದ್ದಲ್ಲ. ಗುಡಿಯ ಮೆಟ್ಟಿಲ ಮೇಲೆ ಒಬ್ಬ ಮುದುಕರು ಬಾಗಿಲು ತೆರೆದು ಹಿಡಿದಾಗ ನಾನು ಅದನ್ನು ಒಳಗಿನಿಂದ ಚಿಲಕ ಹಾಕಿದ್ದು. ಆದರೂ ಅವರು ಬಿಡಲಿಲ್ಲ. “ಹಂಗಾದ್ರ ಮತ್ತೊಬ್ಬ ಡಾಕ್ಟರಿಗೆ ತೋರಿಸ್ರಿ. ಆಮ್ಯಾಲ ನನ್ನ ಹಂತ್ಯಾಕ ಬರ್ರಿ,” ಎಂದು ಸುರಿಯ ಕೈಗೆ ಒಂದು ತೆಂಗಿನಕಾಯಿ ಹೋಳು ಕೊಟ್ಟು ಕಳಿಸಿದರು.

ಮರಳಿ ಬರುವಾಗ ಸುರಿ ನಮ್ಮಿಬ್ಬರ ನಡುವೆ ಕೂತಿದ್ದಳು. ಕೊಬ್ಬರಿ ಕಡಿಯುತ್ತ ಗುನುಗತೊಡಗಿದಳು. ಬಳೆಯ ಸದ್ದು, ಬಡಿತ, ಹುಡುಗಿಯ ದನಿ, ಎಲ್ಲವನ್ನೂ ಬಾಯಲ್ಲೇ ಮಾಡುತ್ತಿದ್ದಳು. ನಡುವಿನ ಜಾಗ ಬಂತು. ನಿಂತಳು. ನಾನು ಸ್ಟೇರಿಂಗ್ ಹಿಡಿದು ಎಣಿಸಿದೆ. ಒಂದು, ಎರಡು. ಈಗ ಶುರುವಾಗಬೇಕು. ಮೂರು, ನಾಲ್ಕು. ಐದು. ಆರು. ಏಳಕ್ಕೆ ಅವಳ ತಲೆ ಗೇರಿನ ಹಿಡಿಕೆಗೆ ಬಡಿಯಿತು.

ಆ ಸಲ ಅದು ನಿಲ್ಲಲೇ ಇಲ್ಲ. ತುಟಿ ನೀಲಿಯಾಯಿತು. ಅವ್ವ ಕಿರುಚುತ್ತಿದ್ದಳು. ಅಥಣಿಯಲ್ಲಿ ಸಿಕ್ಕ ಮೊದಲ ದವಾಖಾನೆಯ ಮುಂದೆ ಟೆಂಪೊವನ್ನು ಅಡ್ಡಲಾಗಿಯೇ ನಿಲ್ಲಿಸಿ ಎತ್ತಿಕೊಂಡು ಓಡಿದೆ. ಅಲ್ಲಿಯ ಡಾಕ್ಟರು ಸೂಜಿ ಮಾಡಿ, ಅದುರುವುದು ನಿಂತ ಮೇಲೆ, ಇವತ್ತೇ ಮಿರಜಕ್ಕೆ ಒಯ್ಯಿರಿ ಎಂದರು. ದಾರಿಯುದ್ದಕ್ಕೂ ಬೇಡಿಕೊಂಡೆ. ಸುರಿ ಬದುಕಲಿ ಎಂದು ಬೇಡಿದೆ ಅಂದುಕೊಂಡಿರೇನು? ಅದನ್ನೂ ಬೇಡಿದೆ. ಆದರೆ ಅದರ ಪಕ್ಕದಲ್ಲೇ, ಅದೇ ಉಸಿರಿನಲ್ಲಿ, ಮಿರಜದ ದವಾಖಾನೆಯವರು ನನ್ನ ಗುರುತು ಹಿಡಿಯದಿರಲಿ ಎಂದೂ ಬೇಡಿದೆ.

ಹಿಡಿಯಲಿಲ್ಲ. ಇದು ಕಿವಿಯದಲ್ಲ, ಮಿದುಳಿನದು ಎಂದರು ಅಲ್ಲಿಯ ಡಾಕ್ಟರು. ನಿಂತಲ್ಲೇ ಮಂಕಾಗುವುದೂ ಒಂದು ಥರದ ಫಿಟ್ಸೇ ಅಂತೆ. ಗುಳಿಗೆ ತಪ್ಪಿಸಬೇಡಿ, ಮಿಣಮಿಣ ಮಿಂಚುವ ಬೆಳಕಿನ ಮುಂದೆ ಕೂರಿಸಬೇಡಿ ಎಂದರು. ಹಳೆಯ ಚೀಟಿ ಎಲ್ಲಿ ಎಂದು ಕೇಳಿದಾಗ, “ಹರವಲಾ, ಸಾಹೇಬ,” ಅಂದೆ. ಕಳೆದುಹೋಯಿತು ಎಂದು. ಆ ಐವತ್ತಮೂರನೇ ಚೀಟಿ ಆಗ ನನ್ನ ಪಾಕೀಟಿನಲ್ಲೇ ಇತ್ತು.

ಗುಳಿಗೆ ಹಿಡಿಯಿತು. ಮಂಗಳವಾರದ ಮಂದಿ ನಿಧಾನಕ್ಕೆ ಬರುವುದು ಬಿಟ್ಟರು. ಗಂಗವ್ವ ತಾನಾಗಿಯೇ ಬಂದು, “ನನ್ನ ಬಾಯಿಗೆ ಬೆಂಕಿ ಹಾಕ,” ಎಂದು ಸುರಿಯ ಕೈ ಹಿಡಿದು ಅತ್ತಳು. ತಪ್ಪು ಮಾಡದವಳು ಅತ್ತು ಹಗುರಾದಳು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿದೆ. ಅವ್ವನಂತೂ ಬಂದವರಿಗೆಲ್ಲ ಹೇಳುತ್ತಿದ್ದಳು: “ನನ್ನ ಮಗಾ ಗಾಡಿ ಹಾರಿಸ್ಕೊಂಡ ಹೋಗದಿದ್ರ ಹುಡುಗಿ ಉಳೀತಿರಲಿಲ್ಲ.” ಹತ್ತು ವರ್ಷ ಕೇಳಿದ್ದೇನೆ ಈ ಮಾತನ್ನು. ಒಮ್ಮೆಯೂ ಬೇಡ ಅನ್ನಲಿಲ್ಲ.

ಹೀಗಾಗಿ ಹೋದ ವಾರ ಆ ಹಾಡು ಕೇಳಿಸಿದಾಗ ಚೌಕಟ್ಟು ಹಿಡಿದು ನಿಂತೆ. ನಡುವಿನ ಜಾಗ ಬಂತು. ಎಣಿಸಿದೆ. ಎರಡಕ್ಕೆ ಸರಿಯಾಗಿ ಹಾಡು ಶುರುವಾಯಿತು, ಸುರಿಯ ಹೊಲಿಗೆ ಯಂತ್ರದ ಕಾಲೂ ಶುರುವಾಯಿತು. ನಾಲ್ಕು ವರ್ಷವಾಯಿತು ಅವಳಿಗೆ ಒಮ್ಮೆಯೂ ಬಂದಿಲ್ಲ.

“ಅಲ್ಲೇ ನಿಂತ ಎಣಸಾಕತ್ತಿಯೇನ?” ಅಂದಳು ತಿರುಗಿ ನೋಡದೆ. “ಬಾ ಒಳಗ. ಗಿರಾಕಿ ಹುಡುಗಿಯೊಬ್ಬಾಕಿ ಹುಡುಕಿ ಕೊಟ್ಟಳು. ಬರೇ ಹಾಡ ಐತಿ, ಲೈಟಿಲ್ಲ.”

ಒಳಗೆ ಹೋಗಿ ಕೂತೆ. ಅವಳು ಹಾಡು ನಿಲ್ಲಿಸಿದಳು. ಮೂರು ಬೆರಳಲ್ಲಿ ಸೂಜಿಯ ದಾರ ಕತ್ತರಿಸಿ, ಸಣ್ಣ ದನಿಯಲ್ಲಿ ಅಂದಳು:

“ಅಣ್ಣಾ, ಇನ್ನರ ಆಣಿ ತಗೀ.”

ಅವಳು ನಕ್ಕಳು. “ನನಗ ಗೊತ್ತೈತಿ, ಹೇಳಿದ್ರ ಯಾರೂ ಸಾಯೂದಿಲ್ಲ. ಇಪ್ಪತ್ತೊಂದ ವರ್ಷದಾಕಿ ನಾ, ಹುಚ್ಚಿ ಅಲ್ಲ. ಆದ್ರೂ ಅವ್ವಗ ನೆಗಡಿ ಬಂದ್ರ ಸಾಕ, ನಾ ನಿದ್ದಿಗಣ್ಣಾಗ ಎಲ್ಲೆರ ಹೇಳೇನೇನೋ ಅಂತ ಹೆದರ್ತೀನಿ. ಹತ್ತ ವರ್ಷ ಆತು.”

ನಾನು ಇಷ್ಟು ವರ್ಷ ಹೆದರಿದ್ದು ನನ್ನ ಮರ್ಯಾದೆಗೆ. ಅವಳು ಹೆದರಿದ್ದು ಅವ್ವನ ಜೀವಕ್ಕೆ. ಒಂದೇ ಮನೆಯಲ್ಲಿ, ಒಂದೇ ಸುಳ್ಳಿಗೆ. ಎದ್ದು ಅವಳ ತಲೆಯ ಮೇಲೆ ಕೈಯಿಟ್ಟೆ. ಆಣಿ ತಗದೆ. ಆಣಿ ತಗದೆ. ಆಣಿ ತಗದೆ.

“ಈಗ ನಾ ಹೇಳಲ್ಯೋ, ನೀ ಹೇಳ್ತಿಯೋ?”

ಅವ್ವ ಹಿತ್ತಲಲ್ಲಿ ಮೊರದಲ್ಲಿ ಬೇದಾಣಿ ಆರಿಸುತ್ತಿದ್ದಳು. ಎದುರಿಗೆ ಕೂತು ಹೇಳಿದೆ. ದವಾಖಾನೆಯಿಂದ ಶುರುಮಾಡಿ, ಗುಡಿಯ ಮೆಟ್ಟಿಲವರೆಗೆ, ಪಾಕೀಟಿನ ಚೀಟಿಯವರೆಗೆ. ಎಲ್ಲೋ ನಡುವೆ ಅವಳ ಕೈ ಮೊರದ ಮೇಲೆ ನಿಂತಿತು. ನಾನು ಮುಗಿಸಿದ ಮೇಲೂ ಆಡಲಿಲ್ಲ. ಎಣಿಸತೊಡಗಿದೆ. ಎರಡಾಯಿತು, ಐದಾಯಿತು, ಏಳು ದಾಟಿತು. ಅಷ್ಟು ಹೆದರಿಕೆ ನನಗೆ ಅಥಣಿಯ ದಾರಿಯಲ್ಲೂ ಆಗಿರಲಿಲ್ಲ.

ಕೊನೆಗೆ ಕೇಳಿದಳು. “ಎಷ್ಟನೇ ನಂಬರ ಇತ್ತು?”

“ಐವತ್ತಮೂರು.”

“ನೀವ ಹೊರಗ ಬಿದ್ದಾಗ ಎಷ್ಟ ನಡದಿತ್ತು?”

“ಹದಿನೆಂಟ.”

ಅವಳು ತುಟಿ ಅಲ್ಲಾಡಿಸುತ್ತ ಏನೋ ಲೆಕ್ಕ ಹಾಕಿದಳು. ಕೂತಿದ್ದರೆ ಸಂಜೆಯೊಳಗೆ ಪಾಳಿ ಬರುತ್ತಿತ್ತು ಎಂದು ಲೆಕ್ಕ ಹಾಕಿರಬೇಕು. ಆಮೇಲೆ ಎದ್ದು ಒಳಗೆ ಹೋದಳು. ಸುರಿಯ ಬಲಗೈ ಹಿಡಿದು ಆ ಎರಡು ಬೆರಳನ್ನು ಒಂದೊಂದಾಗಿ ಸವರಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಂಟು ದಿನ ತಾಟು ಇಟ್ಟಳು, ರೊಟ್ಟಿ ಬಡಿಸಿದಳು, ಮಾತಿಲ್ಲ.

ನಿನ್ನೆ ಸುರಿಯನ್ನು ತಪಾಸಣೆಗೆ ಮಿರಜಕ್ಕೆ ಕರೆದೊಯ್ಯುವ ದಿನ. ಪ್ರತಿ ಸಲ ನಾವಿಬ್ಬರೇ ಹೋಗುತ್ತೇವೆ. ನಿನ್ನೆ ಟೆಂಪೊ ಚಾಲೂ ಮಾಡುವಷ್ಟರಲ್ಲಿ ಅವ್ವ ಬಂದು ಹತ್ತಿ ಕೂತಳು. ಕಿಟಕಿಯಲ್ಲಿ ಚೀಟಿ ಕೊಟ್ಟಾಗ ನಾನು ಕೈ ಚಾಚಿದೆ. ನನ್ನ ಕೈಯ ಮೇಲಿಂದ ಅವಳ ಕೈ ಹೋಯಿತು.

“ನಂಬರ ನನ್ನ ಕಡಿ ಇರಲಿ,” ಅಂದಳು. ಎಂಟು ದಿನದಲ್ಲಿ ನನಗೆ ಆಡಿದ ಮೊದಲ ಮಾತು.

ನಲವತ್ತೊಂದನೇ ನಂಬರು. ಒಳಗೆ ಒಂಬತ್ತನೆಯವರು ಹೋಗಿದ್ದರು. ಅವ್ವ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಳು, ಪಕ್ಕದಲ್ಲಿ ಸುರಿ, ತುದಿಯಲ್ಲಿ ನಾನು. ಮೂರು ತಾಸು. ನನಗೆ ಚಹಾ ಬೇಕಿತ್ತು, ಕಾಲು ಮರಗಟ್ಟಿತ್ತು. ಏಳಲಿಲ್ಲ. ನಲವತ್ತು ಎಂದು ಕೂಗಿದಾಗ ಅವ್ವ ಮುಷ್ಟಿ ಬಿಚ್ಚಿದಳು. ಚೀಟಿ ಬೆವರಿಗೆ ನೆನೆದು ಅಂಕಿ ಅಳಿಸಿಹೋಗಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ನಲವತ್ತೊಂದ ಅಲ್ಲೇನ?” ಎಂದು ಕೇಳಿದಳು.

“ಹೌದವ್ವಾ,” ಅಂದೆ. “ಈಗ ನಮ್ದ.”

ಅವಳು ಒಂದು ಗಳಿಗೆ ನನ್ನನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಬಾಗಿಲ ಬಳಿ ಹೋಗಿ, ಅಲ್ಲಿದ್ದ ನರ್ಸಮ್ಮನನ್ನೂ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು.